ಹವ್ಯಾಸಕ್ಕೆ ಶುರುವಾದ ಲಿನಕ್ಸ್: ಲೀನಸ್ ಟೋರ್ವಾಲ್ಡ್ಸ್ ಪರಿಚಯ

ಕಂಪ್ಯೂಟರ್ ಪ್ರೋಗ್ರಾಂ ಎಲ್ಲ ಸೈನ್ಸ್‌ನವರಿಗೆ, ಕಾಮರ್ಸ್‌ನವರಿಗೆ ಟ್ಯಾಲಿ ಬಂದರೆ ಸಾಕು ಎನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ನಾನು ಕಾಮರ್ಸ್ ವಿದ್ಯಾರ್ಥಿ. ಆದರೂ ಈ ಸಂಚಿಕೆಗೆ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಬಗ್ಗೆ ಬರೆಯುತ್ತಿದ್ದೇನೆ. ಅವರ ಜೀವನದಲ್ಲಿ ನಮಗೂ ಕಲಿಯುವಂಥದ್ದಿದೆ.

ಲೀನಸ್ ಟೋರ್ವಾಲ್ಡ್ಸ್ ಹುಟ್ಟಿದ್ದು 1969ರ ಡಿಸೆಂಬರ್ 28ರಂದು, ಫಿನ್ಲೆಂಡ್‌ನ ಹೆಲ್ಸಿಂಕಿಯಲ್ಲಿ. ತಂದೆ ತಾಯಿ ಇಬ್ಬರೂ ಪತ್ರಕರ್ತರು. ಆ ದೇಶದ ಹೆಚ್ಚಿನ ಜನರ ಭಾಷೆ ಫಿನ್ನಿಷ್. ಇವರ ಮನೆಮಾತು ಸ್ವೀಡಿಷ್, ಅದನ್ನಾಡುವವರು ಅಲ್ಲಿ ಶೇ. 5ರಷ್ಟು ಮಾತ್ರ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ಬೆಳೆದ ನನ್ನಂಥವರಿಗೆ ಇದು ಹೊಸದೇನಲ್ಲ.

ತಾಯಿಯ ತಂದೆ ಲಿಯೋ ಟೋರ್ನ್‌ಕ್ವಿಸ್ಟ್ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು. ಬೆಲೆ ಸೂಚ್ಯಂಕಕ್ಕೆ ನಾವು ಲ್ಯಾಸ್ಪಿಯರ್, ಪಾಶೆ, ಫಿಷರ್ ಸೂತ್ರಗಳನ್ನು ಓದುತ್ತೇವಲ್ಲ, ಹಾಗೆಯೇ ಇವರ ಹೆಸರಿನಲ್ಲೂ ಒಂದು ಸೂಚ್ಯಂಕವಿದೆ. ಎರಡೂ ವರ್ಷಗಳ ಖರ್ಚಿನ ಪಾಲುಗಳ ಸರಾಸರಿಯನ್ನು ಅದು ತೂಕವಾಗಿ ಬಳಸುತ್ತದೆ. ಈ ಅಜ್ಜ ಕಮೋಡೋರ್ ವಿಕ್-20 ಎಂಬ ಚಿಕ್ಕ ಕಂಪ್ಯೂಟರ್ ತಂದರು. ಅವರು ಕಾಗದದಲ್ಲಿ ಬರೆದ ಪ್ರೋಗ್ರಾಂಗಳನ್ನು ಮೊಮ್ಮಗ ಟೈಪ್ ಮಾಡುತ್ತಿದ್ದ. ಕಲಿಕೆ ಶುರುವಾದದ್ದೇ ಹಾಗೆ.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಲೀನಸ್ ಒಂದು ಪಿಸಿಯನ್ನು ಕಂತಿನಲ್ಲಿ ಕೊಂಡರು. ಮನೆಯಿಂದಲೇ ವಿಶ್ವವಿದ್ಯಾಲಯದ ಕಂಪ್ಯೂಟರ್‌ಗೆ ಸಂಪರ್ಕ ಪಡೆಯಲು ಒಂದು ಸಣ್ಣ ಪ್ರೋಗ್ರಾಂ ಬರೆದರು. ಫೈಲ್ ಉಳಿಸಬೇಕೆನಿಸಿತು, ಅದಕ್ಕಾಗಿ ಇನ್ನಷ್ಟು ಬರೆದರು. ಹೀಗೆ ಸೇರಿಸುತ್ತಾ ಹೋಗಿ ಅದು ಆಪರೇಟಿಂಗ್ ಸಿಸ್ಟಂನ ತಿರುಳಾಯಿತು. ಕಂಪ್ಯೂಟರ್‌ನ ಮೆಮರಿ, ಡಿಸ್ಕ್, ಪ್ರೊಸೆಸರ್‌ಗಳನ್ನು ಎಲ್ಲ ಪ್ರೋಗ್ರಾಂಗಳಿಗೆ ಹಂಚಿಕೊಡುವ ಮೇಲ್ವಿಚಾರಕ ಎಂದು ಅದನ್ನು ತಿಳಿಯಬಹುದು. ಆಗಸ್ಟ್ 25ರಂದು ಇದನ್ನು ಪ್ರಕಟಿಸುವಾಗ ಅವರು ಇದು ಬರೀ ಹವ್ಯಾಸ ಎಂದೇ ಹೇಳಿಕೊಂಡಿದ್ದರು. ಇಂದು ನಮ್ಮ ಆಂಡ್ರಾಯ್ಡ್ ಫೋನ್‌ಗಳ ಒಳಗಿರುವುದು ಅದೇ ಲಿನಕ್ಸ್.

ಕಾಮರ್ಸ್ ವಿದ್ಯಾರ್ಥಿಯಾಗಿ ನನ್ನ ಗಮನ ಸೆಳೆದದ್ದು ಇದರ ಹಣದ ಲೆಕ್ಕ. ಮೊದಲ ಲೈಸೆನ್ಸ್ ಪ್ರಕಾರ ಯಾರೂ ಲಿನಕ್ಸ್‌ಗೆ ದುಡ್ಡು ಪಡೆಯುವಂತಿರಲಿಲ್ಲ. ಫ್ಲಾಪಿಗಳಲ್ಲಿ ನಕಲು ಮಾಡಿ ಹಂಚುವವರು ಖರ್ಚಾದರೂ ಹುಟ್ಟಬೇಕಲ್ಲ ಎಂದರು. 1992ರಲ್ಲಿ ಲೀನಸ್ ಜಿಪಿಎಲ್ ಎಂಬ ಲೈಸೆನ್ಸ್‌ಗೆ ಬದಲಾಯಿಸಿದರು. ಅದರಂತೆ ಮಾರಬಹುದು, ಆದರೆ ಕೊಂಡವರಿಗೆ ಮೂಲ ಕೋಡ್ ಸಿಗಲೇಬೇಕು. ಈ ಬದಲಾವಣೆಯಿಂದ ಕಂಪನಿಗಳೂ ಬಂದವು, ಕೋಡ್ ಕೂಡ ಎಲ್ಲರದಾಗಿಯೇ ಉಳಿಯಿತು.

ಅವರ ಇನ್ನೊಂದು ಕೆಲಸ ಗಿಟ್. ಲಿನಕ್ಸ್ ತಂಡ ಬಳಸುತ್ತಿದ್ದ ಸಾಧನ ಉಚಿತವಾಗಿ ಸಿಗದಂತಾದಾಗ, 2005ರ ಏಪ್ರಿಲ್‌ನಲ್ಲಿ ಕೆಲವೇ ದಿನಗಳಲ್ಲಿ ಇದನ್ನು ಬರೆದರು. ನಮ್ಮ ಜರ್ನಲ್ ಎಂಟ್ರಿಗೆ ದಿನಾಂಕ, ವಿವರಣೆ ಇರುವಂತೆ, ಕೋಡ್‌ನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಎಂಬುದನ್ನು ಗಿಟ್ ದಾಖಲಿಸುತ್ತದೆ. ಅದೇ ಜುಲೈನಲ್ಲಿ ಅದರ ಹೊಣೆಯನ್ನು ಜುನಿಯೊ ಹಮಾನೊ ಅವರಿಗೆ ಒಪ್ಪಿಸಿದರು. ಲೀನಸ್‌ಗೆ ಸಮುದ್ರದಲ್ಲಿ ಡೈವಿಂಗ್ ಮಾಡುವುದೆಂದರೆ ಇಷ್ಟ. ಎಷ್ಟು ಆಳಕ್ಕೆ, ಎಷ್ಟು ಹೊತ್ತು ಇಳಿದೆ ಎಂದು ಬರೆದಿಡಲು 2011ರಲ್ಲಿ ಸಬ್‌ಸರ್ಫೇಸ್ ಎಂಬ ಪ್ರೋಗ್ರಾಂ ಶುರುಮಾಡಿದರು. ಮುಂದೆ ಅದನ್ನೂ ಬೇರೆಯವರಿಗೆ ವಹಿಸಿದರು. ಈಚೆಗೆ ಗಿಟಾರ್ ಪೆಡಲ್‌ಗಳನ್ನು ಜೋಡಿಸುತ್ತಾ ಎಲೆಕ್ಟ್ರಾನಿಕ್ಸ್ ಕಲಿಯುತ್ತಿದ್ದಾರೆ, ಗಿಟಾರ್ ನುಡಿಸಲು ಬಾರದಿದ್ದರೂ!

ಇವುಗಳಲ್ಲಿ ಯಾವುದನ್ನೂ ಅವರು ವ್ಯಾಪಾರದ ಐಡಿಯಾ ಹುಡುಕುತ್ತಾ ಶುರುಮಾಡಲಿಲ್ಲ. ತನಗೆ ಬೇಕಾದದ್ದನ್ನು ಮಾಡಿಕೊಂಡರು, ಇತರರಿಗೆ ತೋರಿಸಿದರು, ಅವರ ಮಾತು ಕೇಳಿದರು. ಇದಕ್ಕೆ ಸೈನ್ಸ್ ಕಾಂಬಿನೇಷನ್ನೇ ಬೇಕೆಂದೇನಿಲ್ಲ. ನಮ್ಮ ಅಂಗಡಿಯ ಉದ್ರಿ ಲೆಕ್ಕಕ್ಕೆ ನಾನೊಂದು ಸ್ಪ್ರೆಡ್‌ಶೀಟ್ ಮಾಡುತ್ತಿದ್ದೇನೆ. ಅಬ್ಬಾ ಹೆಸರುಗಳನ್ನು ಉರ್ದುವಿನಲ್ಲಿ ಬರೆಯುತ್ತಾರೆ, ಗ್ರಾಹಕರಿಗೆ ಚೀಟಿ ಕನ್ನಡದಲ್ಲಿ ಬೇಕು. ಎರಡನ್ನೂ ಒಂದೇ ಹಾಳೆಯಲ್ಲಿ ತರುವುದೇ ಸದ್ಯದ ಕೆಲಸ. ನಿಮ್ಮ ಮನೆಯಲ್ಲೂ ಇಂಥದೇ ಲೆಕ್ಕವಿದ್ದರೆ ಬನ್ನಿ, ಸೇರಿ ಮಾಡೋಣ.