ಕುಡಿತ ಬಿಡುವವರ ಸಭೆ: ಹುಡುಕುವುದು ಹೇಗೆ?

ಅಡಿಕೆ ತೋಟ ಉಳ್ಳವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕೊಳೆರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಮ್ಮೆ ಬೋರ್ಡೋ ಮದ್ದು ಬಿಟ್ಟರೆ ಸಾಲದು, 40–45 ದಿನಗಳಲ್ಲಿ ಇನ್ನೊಮ್ಮೆ ಬಿಡಬೇಕು. ಆದರೆ ಕುಡಿತದ ಚಟಕ್ಕೆ ಮಾತ್ರ ಒಂದೇ ಸಲದ ಮದ್ದು ಸಾಕೆಂದು ನಾವು ನಂಬುತ್ತೇವೆ. ಆಸ್ಪತ್ರೆಯಲ್ಲಿ ಕೆಲವು ದಿನ ಇದ್ದು ಬಂದ, ಧ್ಯಾನಕೂಟದಲ್ಲಿ ಆಣೆ ಇಟ್ಟ, ಇನ್ನು ಸರಿಯಾದ ಎಂದುಕೊಳ್ಳುತ್ತೇವೆ. ಮುಂದೆ ಯಾರದೋ ಮದುವೆಯ ರೋಸಿನ ರಾತ್ರಿ ಒಂದು ಗ್ಲಾಸು ಕೈಗೆ ಬರುತ್ತದೆ. ವಾರದೊಳಗೆ ಎಲ್ಲ ಮೊದಲಿನಂತೆ. ಆ ಮನುಷ್ಯನಿಗೆ ಮನಸ್ಸಿಲ್ಲ ಎಂದು ಮನೆಯವರು ಹೇಳುತ್ತಾರೆ. ಮನಸ್ಸು ಇದ್ದೀತು, ಜೊತೆ ಇರಲಿಲ್ಲ.

ಈ ಜೊತೆಗಾಗಿ ಇರುವುದೇ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಸಭೆಗಳು. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಪಟ್ಟಣದಲ್ಲಿ ಒಬ್ಬ ಶೇರು ದಲ್ಲಾಳಿ ಮತ್ತು ಒಬ್ಬ ಶಸ್ತ್ರವೈದ್ಯ, ಇಬ್ಬರೂ ಕುಡಿತದಿಂದ ಕೆಟ್ಟವರು, ಒಬ್ಬರಿಗೊಬ್ಬರು ಆಸರೆಯಾಗಿ ಕುಡಿತ ಬಿಟ್ಟರು. ಅದೇ ಊರಿನ ಸಂತ ತೋಮಸರ ಆಸ್ಪತ್ರೆಯಲ್ಲಿದ್ದ ಸಿಸ್ಟರ್ ಇಗ್ನೇಶಿಯಾ ಇವರ ಬೆನ್ನಿಗೆ ನಿಂತರು. ಆಗ ಕುಡುಕರನ್ನು ಆಸ್ಪತ್ರೆಗಳು ಒಳಗೆ ಸೇರಿಸುತ್ತಿರಲಿಲ್ಲ. 1939ರಲ್ಲಿ ಸಿಸ್ಟರ್ ಮೊದಲನೆಯ ರೋಗಿಯನ್ನು ಹೊಟ್ಟೆಯ ಉರಿಯೂತ ಎಂದು ಬರೆದು ಸೇರಿಸಿಕೊಂಡರು! ಅಲ್ಲಿಂದಲೇ ಆಸ್ಪತ್ರೆ ಮೊದಲು, ಸಭೆ ನಂತರ ಎಂಬ ಕ್ರಮ ಬೆಳೆಯಿತು.

ಈ ಕ್ರಮ ನಮಗೂ ಮುಖ್ಯ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವನು, ನಡುಕ ನಿಲ್ಲಿಸಲೆಂದೇ ಕುಡಿಯುವವನು, ಆವೇಶದಲ್ಲಿ ಒಂದೇ ದಿನಕ್ಕೆ ಬಿಟ್ಟುಬಿಡಬಾರದು. ಬಿಟ್ಟ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಬುದ್ಧಿ ಗಲಿಬಿಲಿಯಾಗಿ, ಇಲ್ಲದ್ದು ಕಾಣಿಸಿ, ಜ್ವರ ಏರಿ ಜೀವವೇ ಹೋಗಬಹುದು. ಇದನ್ನು ಗಾಳಿ ಸೋಕಿತೆಂದು ತಿಳಿದು ಮನೆಯಲ್ಲಿ ಕಟ್ಟಿಹಾಕಿದ ಕಥೆಗಳು ಪ್ರತಿ ಊರಿನಲ್ಲೂ ಉಂಟು. ಇಂಥವರು ವೈದ್ಯರ ಬಳಿಯೇ ಬಿಡಬೇಕು. ಅಲ್ಲಿ ನಡುಕ ಇಳಿಸುವ ಮದ್ದು, ಬಿ-1 ವಿಟಮಿನ್ ಕೊಡುತ್ತಾರೆ. ಕೇರಳ ಸರಕಾರದ ವಿಮುಕ್ತಿ ಯೋಜನೆಯಲ್ಲಿ ಪ್ರತಿ ಜಿಲ್ಲೆಗೂ ಒಂದು ಕೇಂದ್ರವಿದ್ದು, ನಮ್ಮ ಜಿಲ್ಲೆಯದು ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ಅವರ ಉಚಿತ ಫೋನು 14405. ದೇಶಕ್ಕೆಲ್ಲ ಸೇರಿದ್ದು 14446.

ಇನ್ನೊಂದು ಮಾತು, ತಾಯಂದಿರಿಗೆ. ಕುಡಿದರೆ ವಾಂತಿಯಾಗುವ ಮಾತ್ರೆಯನ್ನು ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಬೇಡಿ. ತಿಳಿಯದೆ ಅದರ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಅಪಾಯವಾದೀತು.

ಸಭೆ ಎಲ್ಲಿದೆ ಎಂದು ಕೇಳಬೇಕಾದದ್ದು ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುಂಚೆ. ಅಲ್ಲಿನ ವೈದ್ಯರಿಗೆ, ಸಲಹೆಗಾರರಿಗೆ ಹತ್ತಿರದ ಗುಂಪುಗಳು ಗೊತ್ತಿರುತ್ತವೆ. ವಿಚಾರಣಾ ಗುರುಗಳನ್ನೂ ಕೇಳಬಹುದು. ಎಷ್ಟೋ ಗುಂಪುಗಳು ಸೇರುವುದು ಇಗರ್ಜಿ, ಶಾಲೆಗಳ ಕೋಣೆಗಳಲ್ಲಿಯೇ. ಕೇಳುವಾಗ ಯಾವ ದಿನ, ಎಷ್ಟು ಗಂಟೆಗೆ ಎಂಬುದರ ಜೊತೆ ಯಾವ ಭಾಷೆಯಲ್ಲಿ ಎಂದೂ ಕೇಳಿ. ನಮ್ಮ ಗಡಿನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಮಲಯಾಳ ಅರ್ಥವಾದರೂ ಮನಸ್ಸಿನ ನೋವು ಅದರಲ್ಲಿ ಹೊರಬರಬೇಕಲ್ಲ! ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯವರಿಗೆ ರೈಲಿನಲ್ಲಿ ಮಂಗಳೂರು ದೂರವಲ್ಲ. ಅಲ್ಲಿನ ಗುಂಪುಗಳಲ್ಲಿ ತುಳು, ಕೊಂಕಣಿ, ಕನ್ನಡಕ್ಕೆ ಎಡೆಯುಂಟು. ಊರವರ ಕಣ್ಣಿಗೆ ಬೀಳುವ ಅಂಜಿಕೆ ಇರುವವರಿಗೂ ಅದು ಅನುಕೂಲ.

ಒಳಗೆ ಏನು ನಡೆಯುತ್ತದೆ? ಹತ್ತಾರು ಜನ ಕುಳಿತು ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಬುದ್ಧಿವಾದ ಹೇಳುವವರಿಲ್ಲ, ಬೈಯುವವರಿಲ್ಲ. ಇಂದು ಒಂದು ದಿನ ಕುಡಿಯುವುದಿಲ್ಲ ಎಂಬುದಷ್ಟೇ ಲೆಕ್ಕ. ಸೇರಲು ಬೇಕಾದದ್ದು ಕುಡಿತ ಬಿಡುವ ಆಸೆಯೊಂದೇ; ಫೀಸಿಲ್ಲ, ಪೂರ್ಣ ಹೆಸರು ಕೇಳುವುದಿಲ್ಲ. ಕೆಲವು ಸಭೆಗಳು ಕುಡಿತದ ತೊಂದರೆ ಇರುವವರಿಗೆ ಮಾತ್ರ, ಕೆಲವಕ್ಕೆ ಮನೆಯವರೂ ಬರಬಹುದು. ಇದು ಬೇರೆ ಮತವೇ ಎಂದು ನಮ್ಮಲ್ಲಿ ಕೆಲವರಿಗೆ ಅನುಮಾನ. ಅಲ್ಲ. ದೇವರ ಮಾತು ಅಲ್ಲಿ ಬರುತ್ತದೆ, ಆದರೆ ಎಲ್ಲ ಮತದವರೂ ಕುಳಿತಿರುತ್ತಾರೆ. ಪಾಪನಿವೇದನೆಯ ಬದಲಿಗೆ ಇದಲ್ಲ, ಇದರ ಬದಲಿಗೆ ಪಾಪನಿವೇದನೆಯೂ ಅಲ್ಲ.

ಗಂಡ ಬರಲೊಪ್ಪದಿದ್ದರೆ ಹೆಂಡತಿ ಸುಮ್ಮನೆ ಕಾಯಬೇಕಾಗಿಲ್ಲ. ಮನೆಯವರಿಗೆಂದೇ 1951ರಲ್ಲಿ ಆರಂಭವಾದ ಅಲ್-ಅನಾನ್ ಎಂಬ ಗುಂಪುಗಳಿವೆ. ಅವನು ಕುಡಿಯುತ್ತಿರುವಾಗಲೂ ಆಕೆ ಅಲ್ಲಿಗೆ ಹೋಗಬಹುದು. ಸಾಲ ತೀರಿಸುವುದು, ಕೂಲಿಯವರಿಗೆ ಸುಳ್ಳು ಹೇಳುವುದು, ಇವನ್ನೆಲ್ಲ ಎಲ್ಲಿ ನಿಲ್ಲಿಸಬೇಕೆಂಬುದು ಅಲ್ಲಿನ ಬೇರೆ ಹೆಂಗಸರ ಬಾಯಿಂದ ಕೇಳಿದಾಗ ತಿಳಿಯುತ್ತದೆ.

ಮೊದಲ ದಿನ ಬಾಯಿ ಬಿಡದೆ ಕುಳಿತು ಬಂದರೂ ಸಾಕು. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ. ನಾಲ್ಕೈದು ಸಭೆ ನೋಡದೆ ತೀರ್ಮಾನಿಸಬೇಡಿ. ಹೊರಡುವಾಗ ಹಳೆಯ ಸದಸ್ಯರೊಬ್ಬರ ಫೋನ್ ನಂಬರು ಕೇಳಿಕೊಳ್ಳಿ, ಕುಡಿಯುವ ಮನಸ್ಸಾದ ಸಂಜೆ ಅದು ಬೇಕಾಗುತ್ತದೆ. ಸಭೆ ಮುಗಿಯುವ ಹೊತ್ತಿಗೆ ಊರಿಗೆ ಕೊನೆಯ ಬಸ್ಸು ಉಂಟೋ ಎಂದು ಮೊದಲೇ ವಿಚಾರಿಸಿಡಿ.