ಹಳೆಯ ಆಟೋಮ್ಯಾಟಿಕ್ ಕಾರು ಕೊಳ್ಳುವ ಮುನ್ನ

ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕಿದ ವರ್ಷ ಮನೆಗೊಂದು ಕಾರು ಬರುವುದು ನಮ್ಮ ಕಡೆಯ ವಾಡಿಕೆ. ನಾವೂ ಹಾಗೆಯೇ 13 ವರ್ಷ ಹಳೆಯ ಆಟೋಮ್ಯಾಟಿಕ್ ಕಾರೊಂದನ್ನು 2 ಲಕ್ಷ ರೂಪಾಯಿಗೆ ಕೊಂಡೆವು. ಮಂಡಿನೋವಿಗೆ ಕ್ಲಚ್ ತುಳಿಯುವ ಕಷ್ಟ ತಪ್ಪಿತಲ್ಲ ಎಂಬುದೇ ನಮ್ಮ ಸಮಾಧಾನ. ಮೊದಲ ಮಳೆಗಾಲದಲ್ಲೇ ತೋಟದ ಏರಿನಲ್ಲಿ ಎಂಜಿನ್ ಅಬ್ಬರಿಸಿತೇ ಹೊರತು ಕಾರು ಕದಲಲಿಲ್ಲ. ಹಗ್ಗ ಕಟ್ಟಿ, ಟ್ರ್ಯಾಕ್ಟರಿನಿಂದ 10 ಕಿಲೋಮೀಟರ್ ಎಳೆಸಿ ಪೇಟೆಗೆ ಒಯ್ದೆವು. ಗೇರ್‌ಬಾಕ್ಸ್ ಬಿಚ್ಚಿ ನೋಡಿದ ಮೆಕ್ಯಾನಿಕ್ ಹೇಳಿದ ಖರ್ಚು 90,000 ರೂಪಾಯಿ. "ಎಣ್ಣೆ ಸುಟ್ಟು ಕೆಟ್ಟಿದ್ದು ಅರ್ಧ, ನೀವು ಎಳೆಸಿ ಕೆಡಿಸಿದ್ದು ಇನ್ನರ್ಧ ಸ್ವಾಮಿ" ಎಂದರು.

ಸದಸ್ಯ ಬಾಂಧವರು ಇದನ್ನು ಮನಗಾಣಬೇಕು. ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿಗೆ ಎಣ್ಣೆಯೇ ಜೀವಾಳ. ಎಂಜಿನ್ನಿನ ಬಲವನ್ನು ದಾಟಿಸುವುದು, ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದು, ಕಾವನ್ನು ಹೊರಗೊಯ್ಯುವುದು, ಎಲ್ಲವೂ ಅದರ ಕೆಲಸ. ಭಾರ ಹೊತ್ತು ನಿಧಾನವಾಗಿ ಘಟ್ಟ ಹತ್ತುವಾಗ ಎಣ್ಣೆ ವಿಪರೀತ ಕಾದು ಬೇಗ ಸತ್ವ ಕಳೆದುಕೊಳ್ಳುತ್ತದೆ. ಅದನ್ನು ಹರಿಸುವ ಪಂಪು ತಿರುಗುವುದು ಎಂಜಿನ್ ಓಡುವಾಗ ಮಾತ್ರ. ಆದ್ದರಿಂದ ನಿಂತುಹೋದ ಕಾರನ್ನು ಹಗ್ಗದಲ್ಲಿ ಎಳೆಸದೆ, ಲಾರಿಯ ಮೇಲೇರಿಸಿ ಸಾಗಿಸುವುದೇ ಕ್ಷೇಮ.

ಕೊಳ್ಳುವವರು ಮೆಕ್ಯಾನಿಕನ ಕೈಯಲ್ಲಿ ಎಣ್ಣೆ ನೋಡಿಸಬೇಕು. ಅದು ಕಪ್ಪಾಗಿ ಸುಟ್ಟ ವಾಸನೆ ಬಂದರೆ ಪ್ಲೇಟುಗಳು ಸವೆದಿವೆ ಎಂದು ತಿಳಿಯಬೇಕು. ಹಾಲು ಬೆರೆಸಿದಂತೆ ಕಂಡರೆ ನೀರು ಸೇರಿದೆ. ಬಳಿಕ ಕಾರನ್ನು ಏರಿನಲ್ಲಿ ಓಡಿಸಿ ನೋಡಿರಿ. ಗೇರಿಗೆ ಹಾಕಿದ ಮೇಲೆ ಹಿಡಿಯಲು ತಡವಾದರೆ, ಎಂಜಿನ್ ಸದ್ದು ಏರಿದರೂ ವೇಗ ಏರದಿದ್ದರೆ, ಆ ಕಾರಿನ ಆಸೆ ಬಿಡುವುದೇ ಲೇಸು.

ಎಲ್ಲ ಆಟೋಮ್ಯಾಟಿಕ್ ಕಾರುಗಳೂ ಒಂದೇ ಬಗೆಯವಲ್ಲ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಬಂದ ಎಎಂಟಿ, ಸಾಮಾನ್ಯ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಮತ್ತು ಗೇರು ಬದಲಿಸುವ ಕೆಲಸವನ್ನು ಯಂತ್ರ ಮಾಡುತ್ತದೆ. ಅದರಲ್ಲಿ ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆದರೆ ಕ್ಲಚ್ ಸುಡುತ್ತದೆ, ಬ್ರೇಕ್ ಹಿಡಿಯಬೇಕು. ಕೊಳ್ಳುವಾಗ ಯಾವ ಬಗೆಯದೆಂದು ಕೇಳಿ ತಿಳಿಯುವುದು ಅಗತ್ಯ.

"ಈ ಎಣ್ಣೆ ಬದಲಿಸುವುದೇ ಬೇಡ" ಎಂದು ಮಾರುವವರು ಹೇಳಿದರೆ ನಂಬಬೇಡಿರಿ. ಎಣ್ಣೆ ಬದಲಿಸಲು ಕೆಲವು ಸಾವಿರ ಸಾಕು. ಗೇರ್‌ಬಾಕ್ಸ್ ಹೋದರೆ ಕಾರಿನ ಬೆಲೆಯ ಅರ್ಧವೇ ಹೋದೀತು. ಮಳೆಗೆ ಮೊದಲು ಬೋರ್ಡೋ ಹೊಡೆಸದೆ, ಕೊಳೆ ಬಂದ ಮೇಲೆ ಪರದಾಡುವ ಬೆಳೆಗಾರನ ಪಾಡು ನಮ್ಮದಾಯಿತು. ನಿಮ್ಮದಾಗದಿರಲಿ.