ಗ್ಯಾರೇಜಿನಲ್ಲೊಂದು ಹಾಡಿನ ಕಟ್ಟೆ

ಮುಖಪುಟದಲ್ಲಿ ‘ನೋ ಡಿಪ್ರೆಷನ್’ ಎಂದು ದಪ್ಪಕ್ಷರಗಳಲ್ಲಿ ಅಚ್ಚಾಗಿದ್ದ ಹಳೆಯ ಪತ್ರಿಕೆಯೊಂದನ್ನು ಮನೆಯ ಮಾಲೀಕರು ನನ್ನ ಕೈಗಿಟ್ಟಾಗ, ನನ್ನ ಮುಖ ಅಷ್ಟು ಕೆಟ್ಟು ಹೋಗಿದೆಯೇ ಅಂದುಕೊಂಡೆ. ಹಾಗೆ ಅಂದುಕೊಳ್ಳಲು ಕಾರಣವೂ ಇತ್ತು. ಎಂಎಸ್ ಮುಗಿದಿತ್ತು, ಕೆಲಸ ಸಿಕ್ಕಿರಲಿಲ್ಲ. ಅಮೆರಿಕದಲ್ಲಿ ಓದು ಮುಗಿಸಿದ ವಿದೇಶಿ ವಿದ್ಯಾರ್ಥಿಗೆ ಒಂದು ವರ್ಷ ಅಲ್ಲೇ ದುಡಿಯಲು ‘ಒಪಿಟಿ’ ಎಂಬ ಅನುಮತಿ ಕೊಡುತ್ತಾರೆ. ಆದರೆ ಆ ವರ್ಷದಲ್ಲಿ ಕೆಲಸವಿಲ್ಲದ ದಿನಗಳು ಒಟ್ಟು 90 ದಾಟುವಂತಿಲ್ಲ, ದಾಟಿದರೆ ಗಂಟುಮೂಟೆ ಕಟ್ಟಬೇಕು. ನನ್ನ ಕೋಣೆಯ ಕ್ಯಾಲೆಂಡರಿನಲ್ಲಿ ಆಗಲೇ 23 ದಿನಗಳ ಮೇಲೆ ಗೀಟು ಬಿದ್ದಿತ್ತು. ದಾವಣಗೆರೆಯಲ್ಲಿ ಅಪ್ಪ ಸೈಟು ಅಡವಿಟ್ಟು ತೆಗೆದ 28 ಲಕ್ಷ ರೂಪಾಯಿ ಸಾಲ ಬೆಳೆಯುತ್ತಲೇ ಇತ್ತು.

ನನ್ನ ಗೊಂದಲ ಕಂಡು ಮಾಲೀಕರು ನಕ್ಕರು. ‘ಇದು ತಲೆಯ ಡಿಪ್ರೆಷನ್ ಅಲ್ಲ, ಹೊಟ್ಟೆಯ ಡಿಪ್ರೆಷನ್’ ಎಂದರು. 1930ರ ದಶಕದ ಆರ್ಥಿಕ ಕುಸಿತದ ಮಾತು ಅದು. ಆಗ ಕೋಟ್ಯಂತರ ಜನ ಕೆಲಸ ಕಳೆದುಕೊಂಡಿದ್ದರು. ವರ್ಜೀನಿಯಾದ ಗುಡ್ಡಗಾಡಿನ ಕಾರ್ಟರ್ ಫ್ಯಾಮಿಲಿ ಎಂಬ ಗಾಯಕ ಕುಟುಂಬ 1936ರಲ್ಲಿ ಒಂದು ಭಕ್ತಿಗೀತೆಯನ್ನು ಧ್ವನಿಮುದ್ರಿಸಿತು. ಭೂಮಿಯ ಮೇಲಿನ ಈ ಬಡತನ ಸ್ವರ್ಗದಲ್ಲಿ ಇರುವುದಿಲ್ಲ ಎಂಬುದು ಅದರ ಭಾವ. ಅದೇ ಹಾಡನ್ನು 54 ವರ್ಷಗಳ ನಂತರ ಇದೇ ಊರಿನ ಮೂವರು ಹುಡುಗರು ಗಿಟಾರ್ ಹಿಡಿದು ಹಾಡಿದರು. ಪತ್ರಿಕೆಗೆ ಹೆಸರು ಬಂದದ್ದು ಹೀಗೆ.

ಇದೇ ಊರು ಎಂದರೆ ಬೆಲ್‌ವಿಲ್. ಇಲಿನಾಯ್ ರಾಜ್ಯಕ್ಕೆ ಸೇರಿದ್ದರೂ ಮಿಸಿಸಿಪ್ಪಿ ನದಿಯ ಆಚೆಗಿರುವ ಮಿಸೂರಿಯ ಸೇಂಟ್ ಲೂಯಿಸ್ ನಗರದ ನೆರಳಿನಲ್ಲೇ ಬದುಕುವ ಊರು. ಕಲ್ಲಿದ್ದಲು ಗಣಿ, ಒಲೆ ಎರಕ ಹೊಯ್ಯುವ ಕಾರ್ಖಾನೆ, ಬಿಯರ್ ಭಟ್ಟಿ ಇವೇ ಅದರ ಹಳೆಯ ಜೀವನಾಧಾರ. ಸ್ಟ್ಯಾಗ್ ಬಿಯರ್ ತಯಾರಿಸುತ್ತಿದ್ದ ದೊಡ್ಡ ಭಟ್ಟಿ 1988ರಲ್ಲಿ ಮುಚ್ಚಿತು. ನಾನು ಇಲ್ಲಿಗೆ ಬಂದದ್ದು ಸಂಗೀತ ಹುಡುಕಿಕೊಂಡಲ್ಲ. ಬಾಡಿಗೆ ಕಡಿಮೆ, ಸೇಂಟ್ ಲೂಯಿಸ್‌ಗೆ ನೇರ ರೈಲಿದೆ, ಅಷ್ಟೇ.

ಆ ಮೂವರು ಹುಡುಗರ ತಂಡದ ಹೆಸರು ಅಂಕಲ್ ಟುಪೆಲೊ. ಜೇ ಫರಾರ್ ಮತ್ತು ಜೆಫ್ ಟ್ವೀಡಿ ಇಲ್ಲಿನ ಹೈಸ್ಕೂಲಿನಲ್ಲಿ ಪರಿಚಯವಾದವರು, ಮೈಕ್ ಹೈಡಾರ್ನ್ ಡ್ರಮ್ಸ್ ಬಾರಿಸುತ್ತಿದ್ದವನು. ಟ್ವೀಡಿಯ ಅಪ್ಪ ರೈಲ್ವೆಯಲ್ಲಿದ್ದವರು. 1990ರಲ್ಲಿ ಮೊದಲ ಆಲ್ಬಂ ‘ನೋ ಡಿಪ್ರೆಷನ್’ ಹೊರಬಂದಾಗ ಇಬ್ಬರಿಗೂ 22–23 ವಯಸ್ಸು, ಹೆಚ್ಚೂಕಡಿಮೆ ನನಗಿಂತ ಚಿಕ್ಕವರು! ಅದರ ಮೊದಲ ಹಾಡಿನ ಹೆಸರು ‘ಗ್ರೇವ್‌ಯಾರ್ಡ್ ಶಿಫ್ಟ್’. ಸ್ಮಶಾನದ ಹಾಡಿರಬೇಕು ಅಂದುಕೊಂಡಿದ್ದೆ. ಅಲ್ಲ, ಅದು ರಾತ್ರಿ ಪಾಳಿ. ಇನ್ನೊಂದು ಹಾಡಿನ ಹೆಸರಿನಲ್ಲೇ ಫ್ಯಾಕ್ಟರಿ ಇದೆ. ನಮ್ಮಜ್ಜ ಹತ್ತಿಗಿರಣಿಯಲ್ಲಿ 26 ವರ್ಷ ದುಡಿದವರು, ಅದರಲ್ಲಿ ಬಹುಪಾಲು ಮೂರನೇ ಪಾಳಿ. ದಾವಣಗೆರೆಯನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಪಾಠದಲ್ಲಿ ಓದಿದ ನನ್ನ ತಲೆಮಾರಿಗೆ ಗಿರಣಿಯ ಸೈರನ್ ಕೇಳಿಯೇ ಗೊತ್ತಿಲ್ಲ. ನಾನು ಹುಟ್ಟುವ ಹೊತ್ತಿಗೆ ಅಜ್ಜನ ಗಿರಣಿ ಮುಚ್ಚಿ, ಅಲ್ಲಿ ಹಂಗಾಮಿಯಾಗಿದ್ದ ಅಪ್ಪ ಮಂಡಿಯಲ್ಲಿ ಗುಮಾಸ್ತರಾಗಿದ್ದರು.

ಹಾಗಾದರೆ ಈ ‘ಆಲ್ಟರ್ನೇಟಿವ್ ಕಂಟ್ರಿ’ ಅಂದರೇನು? ಕಂಟ್ರಿ ಸಂಗೀತ ನಿಮಗೆ ಗೊತ್ತಿದ್ದೀತು: ಕೌಬಾಯ್ ಟೋಪಿ, ಗಿಟಾರ್, ಪಿಟೀಲು, ಹಳ್ಳಿಯ ನೆನಪು, ಮುರಿದ ಪ್ರೀತಿ. 90ರ ದಶಕದ ಹೊತ್ತಿಗೆ ಟೆನೆಸ್ಸಿಯ ನ್ಯಾಶ್‌ವಿಲ್‌ನಲ್ಲಿ ಅದು ದೊಡ್ಡ ಉದ್ಯಮವಾಗಿತ್ತು, ಗಾರ್ಥ್ ಬ್ರೂಕ್ಸ್ ಸ್ಟೇಡಿಯಂಗಳನ್ನು ತುಂಬಿಸುತ್ತಿದ್ದ ಕಾಲ. ಅದೇ ಹೊತ್ತಿಗೆ ಪಂಕ್ ರಾಕ್ ಕೇಳಿ ಬೆಳೆದ ಸಣ್ಣ ಊರುಗಳ ಹುಡುಗರು ಅಪ್ಪ–ಅಮ್ಮನ ಹಳೆಯ ಕಂಟ್ರಿ ರೆಕಾರ್ಡುಗಳನ್ನು ಧೂಳು ಒರೆಸಿ ತೆಗೆದರು. ಪಂಕ್‌ನ ವೇಗಕ್ಕೆ ಬ್ಯಾಂಜೊ ಕಟ್ಟಿದರು. ಹೊಳೆಯುವ ಬೂಟಿನ ಹಾಡಲ್ಲ, ಸವೆದ ಚಪ್ಪಲಿಯ ಹಾಡು. ನಾನು ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಕೊಡಲಾರೆ. ಅಭಿಮಾನಿಗಳೂ ಕೊಟ್ಟಿಲ್ಲ ಬಿಡಿ. 1995ರಲ್ಲಿ ಸಿಯಾಟಲ್‌ನಿಂದ ಗ್ರಾಂಟ್ ಆಲ್ಡನ್ ಮತ್ತು ಪೀಟರ್ ಬ್ಲ್ಯಾಕ್‌ಸ್ಟಾಕ್ ಹೊರತಂದ ಆ ‘ನೋ ಡಿಪ್ರೆಷನ್’ ಪತ್ರಿಕೆಯೇ ತನ್ನನ್ನು ಆಲ್ಟರ್ನೇಟಿವ್ ಕಂಟ್ರಿಯ ಪತ್ರಿಕೆ ಎಂದು ಕರೆದುಕೊಂಡು, ಪಕ್ಕದಲ್ಲೇ ‘ಅದು ಏನೇ ಆಗಿರಲಿ’ ಎಂಬರ್ಥದ ಮಾತನ್ನು ಸೇರಿಸಿತ್ತು. ನನಗೆ ಈ ಪಂಥದಲ್ಲಿ ಮೊದಲು ಹಿಡಿಸಿದ್ದೇ ಆ ತುಂಟತನ.

ಮಾಲೀಕರ ಗ್ಯಾರೇಜಿನಲ್ಲಿ ಕಾರು ನಿಲ್ಲುವುದಿಲ್ಲ. ಅಲ್ಲಿ ಒಂದು ರೆಕಾರ್ಡ್ ಪ್ಲೇಯರ್, ಆ ಪತ್ರಿಕೆಯ ಕಟ್ಟುಗಳು, ಒಂದು ಗ್ಯಾಸ್ ಹೀಟರ್ ಮತ್ತು ಐದು ಮಡಚುವ ಕುರ್ಚಿ. ಪ್ರತಿ ಶುಕ್ರವಾರ ಸಂಜೆ ನಾಲ್ವರು ಸೇರುತ್ತಾರೆ. ನಮ್ಮೂರಿನ ಅರಳಿಕಟ್ಟೆಯಲ್ಲಿ ಮಂಡಕ್ಕಿ–ಮಿರ್ಚಿ ಮುಂದಿಟ್ಟುಕೊಂಡು ರಾಜಕೀಯ ಜಗಳ ಆಡುತ್ತಾರಲ್ಲ, ಥೇಟ್ ಹಾಗೆ. ಯಾರ ಹಳೆಯ ರೆಕಾರ್ಡು ಮತ್ತೆ ಅಚ್ಚಾಗುತ್ತಿದೆ, ಯಾರು ಪ್ರವಾಸ ಹೊರಟಿದ್ದಾರೆ, ಯಾರ ದನಿ ಬಿದ್ದಿದೆ ಎಂಬ ಸುದ್ದಿಗಳು ಮೊದಲು. ಆಮೇಲೆ ಜಗಳ.

ಮೂಲ ಜಗಳ ಒಂದೇ, ಅದಕ್ಕೀಗ 30 ವರ್ಷ ದಾಟಿದೆ. ಅಂಕಲ್ ಟುಪೆಲೊ ನಾಲ್ಕು ಆಲ್ಬಂ ಮಾಡಿ 1994ರ ಮೇ 1ರಂದು ಸೇಂಟ್ ಲೂಯಿಸ್‌ನ ‘ಮಿಸಿಸಿಪ್ಪಿ ನೈಟ್ಸ್’ ಎಂಬಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟಿತು. ಫರಾರ್ ಮತ್ತು ಟ್ವೀಡಿ ನಡುವೆ ಮಾತೇ ನಿಂತುಹೋಗುವ ಸ್ಥಿತಿ ಬಂದಿತ್ತು. ಫರಾರ್ ‘ಸನ್ ವೋಲ್ಟ್’ ಕಟ್ಟಿದ, ಟ್ವೀಡಿ ‘ವಿಲ್ಕೊ’ ಕಟ್ಟಿದ. 1995ರಲ್ಲಿ ಎರಡೂ ತಂಡಗಳ ಮೊದಲ ಆಲ್ಬಂ ಬಂದಾಗ ಜನ ಮೆಚ್ಚಿದ್ದು ಸನ್ ವೋಲ್ಟ್‌ನ ‘ಟ್ರೇಸ್’. ಪತ್ರಿಕೆಯ ಮೊದಲ ಸಂಚಿಕೆಯ ಮುಖಪುಟದಲ್ಲೂ ಅವರೇ. ಟ್ವೀಡಿ ಪಕ್ಷದವರು ತಲೆ ತಗ್ಗಿಸಿದರಂತೆ. ಮಾಲೀಕರು ಫರಾರ್ ಪಕ್ಷ. ಆ ಕೊನೆಯ ರಾತ್ರಿ ತಾನೂ ಅಲ್ಲಿದ್ದೆ ಎನ್ನುತ್ತಾರೆ. ಅವರ ಹಳೆಯ ಗೆಳೆಯ, ನಿವೃತ್ತ ಪೋಸ್ಟ್‌ಮ್ಯಾನ್, ಟ್ವೀಡಿ ಪಕ್ಷ. ಅವರೂ ಅಲ್ಲಿದ್ದರಂತೆ. ಬೆಲ್‌ವಿಲ್‌ನ ಅರ್ಧ ಊರು ಆ ರಾತ್ರಿ ಅಲ್ಲಿತ್ತು ಎಂದೇ ಹೇಳಿಕೊಳ್ಳುತ್ತದೆ ಎಂದು ಮೂರನೆಯವರ ಗೊಣಗಾಟ. ಈ ಮೂರನೆಯವರ ಪ್ರಕಾರ ಎಲ್ಲವೂ 1968ರಲ್ಲೇ, ಬರ್ಡ್ಸ್ ತಂಡದ ‘ಸ್ವೀಟ್‌ಹಾರ್ಟ್ ಆಫ್ ದಿ ರೋಡಿಯೊ’ದಲ್ಲೇ ಆಗಿಹೋಗಿದೆ, ಮಿಕ್ಕವರೆಲ್ಲ 26ಕ್ಕೇ ತೀರಿಹೋದ ಗ್ರಾಂ ಪಾರ್ಸನ್ಸ್‌ಗೆ ಸಾಲಗಾರರು.

ನಾಲ್ಕನೆಯವರು ಆಸ್ಪತ್ರೆಯ ನರ್ಸ್. ರಾತ್ರಿ ಪಾಳಿಗೆ ಹೋಗುವ ಮುನ್ನ ಒಂದು ಗಂಟೆ ಕೂತು ಹೋಗುತ್ತಾರೆ. ‘ಇಬ್ಬರು ಹುಡುಗರು ಮಾತು ಬಿಟ್ಟಿದ್ದನ್ನು ಮೂವತ್ತು ವರ್ಷ ಮಾತಾಡುತ್ತೀರಲ್ಲ’ ಎಂದು ಬೈದು, ಅವರು ಹಾಕುವುದು ಲುಸಿಂಡಾ ವಿಲಿಯಮ್ಸ್. 1992ರ ಆಲ್ಬಂ ಆದ ಮೇಲೆ ಮುಂದಿನದಕ್ಕೆ ಲುಸಿಂಡಾ ಆರು ವರ್ಷ ತೆಗೆದುಕೊಂಡರು. ಮಾಡಿದ್ದನ್ನು ಬಿಸಾಕಿ ಮತ್ತೆ ಹಾಡಿದರು, ನಿರ್ಮಾಪಕರು ಬದಲಾದರು. ಕೊನೆಗೆ 1998ರಲ್ಲಿ ‘ಕಾರ್ ವೀಲ್ಸ್ ಆನ್ ಎ ಗ್ರಾವೆಲ್ ರೋಡ್’ ಬಂದಾಗ ಅವರಿಗೆ 45 ವರ್ಷ. ಅದಕ್ಕೆ ಗ್ರ್ಯಾಮಿಯೂ ಬಂತು. ಜಲ್ಲಿ ರಸ್ತೆಯ ಮೇಲೆ ಕಾರು ಬರುವ ಸದ್ದು ಮಗುವಿಗೆ ಹೇಗೆ ಕೇಳುತ್ತದೆ ಎಂಬುದನ್ನು ಹಾಡಿನಲ್ಲಿ ಹಿಡಿದಿಟ್ಟವರು ಇವರೊಬ್ಬರೇ ಎಂದು ನರ್ಸ್ ವಾದ. ಒಪ್ಪಿದೆ.

ನನ್ನ ಸರದಿ ಬಂದಾಗ ‘ನೀನು ಯಾರ ಪಕ್ಷ?’ ಎಂದರು. ಹೊರಗಿನವರಿಗೆ ಒಂದು ಅನುಕೂಲ, ಎರಡೂ ಪಕ್ಷ ಬಿಟ್ಟು ಮೂರನೆಯದನ್ನು ಹೇಳಬಹುದು. ನಾನು ಅಂಕಲ್ ಟುಪೆಲೊದ ಮೂರನೇ ಆಲ್ಬಂ ಎಂದೆ. ಅದರ ಹೆಸರೇ ‘ಮಾರ್ಚ್ 16–20, 1992’. ಜಾರ್ಜಿಯಾದ ಏಥೆನ್ಸ್‌ನಲ್ಲಿ ಆ ಐದು ದಿನಗಳಲ್ಲಿ ಮುಗಿಸಿದ್ದರಿಂದ ಆ ಹೆಸರು. ಆರ್‌.ಇ.ಎಂ. ತಂಡದ ಪೀಟರ್ ಬಕ್ ಅದರ ನಿರ್ಮಾಪಕರು. ಹುಡುಗರನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು, ಕೂಲಿಯನ್ನೂ ಕೇಳಲಿಲ್ಲ ಅವರು. ಆರು ತಿಂಗಳ ಹಿಂದಷ್ಟೇ ನಿರ್ವಾಣಾ ತಂಡದ ‘ನೆವರ್‌ಮೈಂಡ್’ ಬಂದು, ದೊಡ್ಡ ಕಂಪನಿಗಳೆಲ್ಲ ಗದ್ದಲದ ಗಿಟಾರಿನ ಹಿಂದೆ ಬಿದ್ದಿದ್ದ ಸಮಯ. ಇವರು ಅಂಥ ಹೊತ್ತಿನಲ್ಲಿ ಪ್ಲಗ್ ಕಿತ್ತು, ಗಣಿ ಕಾರ್ಮಿಕರ ಹಳೆಯ ಹಾಡುಗಳನ್ನು ಕೂತು ಹಾಡಿದ್ದಾರೆ. ಅಹಂಕಾರವೋ ಪೆದ್ದುತನವೋ ಗೊತ್ತಿಲ್ಲ, ನನಗೆ ಮಾತ್ರ ಅದರಷ್ಟು ಹಿಡಿಸಿದ್ದು ಬೇರೆ ಇಲ್ಲ.

ಒಂದು ಶನಿವಾರ ಪೋಸ್ಟ್‌ಮ್ಯಾನ್ ಜತೆ ಕೆಂಪು ಮಾರ್ಗದ ರೈಲು ಹತ್ತಿ ಸೇಂಟ್ ಲೂಯಿಸ್‌ನ ಡೆಲ್ಮಾರ್ ಲೂಪ್‌ಗೆ ಹೋದೆ. ಅಂಕಲ್ ಟುಪೆಲೊ ಹಾಡುತ್ತಿದ್ದ ‘ಸಿಸೆರೋಸ್’ ನೆಲಮಾಳಿಗೆ ಇದ್ದದ್ದು ಆ ಬೀದಿಯಲ್ಲಿ. ಅದೀಗ ಇಲ್ಲ. ಮಿಸಿಸಿಪ್ಪಿ ನೈಟ್ಸ್ ಕೂಡ 2007ರಲ್ಲಿ ಮುಚ್ಚಿತು. ಇರುವುದು ಚಕ್ ಬೆರ್ರಿಯ ಪ್ರತಿಮೆ ಮತ್ತು ‘ವಿಂಟೇಜ್ ವಿನೈಲ್’ ಎಂಬ ರೆಕಾರ್ಡ್ ಅಂಗಡಿ. ಇನ್ನೊಂದು ರೆಕಾರ್ಡ್ ಅಂಗಡಿ ‘ಯೂಕ್ಲಿಡ್’ನಲ್ಲಿ ಟ್ವೀಡಿ ಕೆಲಸಕ್ಕಿದ್ದರು, ಅಲ್ಲಿನ ಮ್ಯಾನೇಜರ್ ಟೋನಿ ಮಾರ್ಗರಿಟಾ ಮುಂದೆ ತಂಡದ ಮ್ಯಾನೇಜರ್ ಆದರು. ಪೋಸ್ಟ್‌ಮ್ಯಾನ್ ಎಲ್ಲವನ್ನೂ ಹಂಪಿಯ ಗೈಡ್‌ನಂತೆ ತೋರಿಸಿದರು. ಬೀಳು ಗೋಡೆಗೂ ಕಥೆ.

58ನೇ ದಿನ ಒಂದು ಕಂಪನಿ ಕೊಟ್ಟ ಆಫರ್ ಅನ್ನು ಎರಡು ಸಾಲಿನ ಇಮೇಲ್‌ನಲ್ಲಿ ವಾಪಸ್ ಪಡೆಯಿತು. ಅಪ್ಪನಿಗೆ ಆಗಲೇ ಹೇಳಿಬಿಟ್ಟಿದ್ದೆ, ಅಮ್ಮ ಅಕ್ಕಪಕ್ಕದವರಿಗೆ ಪೇಡೆ ಹಂಚಿಯೂ ಆಗಿತ್ತು. ಅಂದು ಶುಕ್ರವಾರವಲ್ಲ, ಆದರೂ ಗ್ಯಾರೇಜಿಗೆ ಹೋಗಿ ಸುಮ್ಮನೆ ಕೂತೆ. ಫರಾರ್ ಪಕ್ಷದ ಮಾಲೀಕರು ಏನೂ ಕೇಳದೆ, ಹುಡುಕಿ ವಿಲ್ಕೊದ ರೆಕಾರ್ಡ್ ಒಂದನ್ನು ಹಾಕಿದರು.

‘ಯಾಂಕಿ ಹೋಟೆಲ್ ಫಾಕ್ಸ್‌ಟ್ರಾಟ್’. ವಿಲ್ಕೊ ಇದನ್ನು ಷಿಕಾಗೊದಲ್ಲಿ ತಯಾರಿಸಿ 2001ರಲ್ಲಿ ಕೊಟ್ಟಾಗ ಅವರ ಕಂಪನಿ ರಿಪ್ರೈಸ್ ಬೇಡವೆಂದಿತು. ತಂಡ ಟೇಪುಗಳ ಹಕ್ಕಿನೊಂದಿಗೆ ಹೊರನಡೆಯಿತು. ಆ ಸೆಪ್ಟೆಂಬರ್‌ನಲ್ಲಿ ಇಡೀ ಆಲ್ಬಂ ಯಾರು ಬೇಕಾದರೂ ಕೇಳಲಿ ಎಂದು ತಮ್ಮ ಜಾಲತಾಣದಲ್ಲಿ ಬಿಟ್ಟಿಯಾಗಿ ಇಟ್ಟಿತು. 2002ರ ಏಪ್ರಿಲ್‌ನಲ್ಲಿ ನಾನ್‌ಸಚ್ ಎಂಬ ಇನ್ನೊಂದು ಕಂಪನಿ ಅದನ್ನು ಬಿಡುಗಡೆ ಮಾಡಿದಾಗ ಬಿಲ್‌ಬೋರ್ಡ್ ಪಟ್ಟಿಯ 13ನೇ ಸ್ಥಾನಕ್ಕೇರಿತು. ತಮಾಷೆ ಎಂದರೆ ರಿಪ್ರೈಸ್, ನಾನ್‌ಸಚ್ ಎರಡೂ ವಾರ್ನರ್ ಬಳಗದವೇ. ಒಂದು ಬಾಗಿಲಲ್ಲಿ ಹೊರದಬ್ಬಿದ್ದಕ್ಕೆ ಅದೇ ಮನೆಯ ಇನ್ನೊಂದು ಬಾಗಿಲಲ್ಲಿ ದುಡ್ಡು ಕೊಟ್ಟ ಹಾಗೆ!

ಸಮಾಧಾನವಾಯಿತೇ? ಇಲ್ಲ, ಸುಳ್ಳು ಹೇಳಬಾರದು. ವಿಲ್ಕೊಗೆ ವೀಸಾ ಗಡುವು ಇರಲಿಲ್ಲವಲ್ಲ ಎಂದೇ ಅನ್ನಿಸಿತು. ಆದರೆ ತಾನು ಒಪ್ಪದ ಪಕ್ಷದ ರೆಕಾರ್ಡನ್ನು ನನಗಾಗಿ ಪೂರ್ತಿ ಕೇಳಿಸಿದ ಆ ಮನುಷ್ಯ, ಕೊನೆಯಲ್ಲಿ ಮೆಲ್ಲಗೆ ‘ಇದರಲ್ಲಿ ಕಂಟ್ರಿ ಎಲ್ಲಿದೆ ಹೇಳು’ ಎಂದಾಗ ನಗು ಬಂತು. ಇನ್ನೂ 32 ದಿನ ಇತ್ತು. ಮರುದಿನ ಪೋಸ್ಟ್‌ಮ್ಯಾನ್ ನನ್ನ ರೆಸ್ಯೂಮೆಯ ನಾಲ್ಕು ಪ್ರತಿ ಒಯ್ದರು, ನರ್ಸ್ ತಮ್ಮ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವರ ಹತ್ತಿರ ಮಾತಾಡಿದರು. ಅವುಗಳಿಂದ ಏನೂ ಆಗಲಿಲ್ಲ.

81ನೇ ದಿನ ಕೆಲಸ ಸಿಕ್ಕಿತು. ಮೂರು ಗಂಟೆ ದೂರದ ಊರಿನಲ್ಲಿ ಒಂದು ಸಣ್ಣ ಸಂಸ್ಥೆ, ಸಂಬಳವೂ ಸಣ್ಣದು. ನಾನೇ ಕಳಿಸಿದ ಇನ್ನೂರಕ್ಕೂ ಹೆಚ್ಚು ಅರ್ಜಿಗಳಲ್ಲಿ ಒಂದಕ್ಕೆ ಬಂದ ಉತ್ತರ ಅದು.

ಹೊರಡುವ ಹಿಂದಿನ ಶುಕ್ರವಾರ ರಾತ್ರಿ ಎಂಟಕ್ಕೆ ಗ್ಯಾರೇಜಿನಿಂದಲೇ ಮನೆಗೆ ವಿಡಿಯೊ ಕಾಲ್ ಮಾಡಿದೆ. ದಾವಣಗೆರೆಯಲ್ಲಿ ಶನಿವಾರ ಬೆಳಿಗ್ಗೆ ಆರೂವರೆ. ಅಪ್ಪ ಕಾಫಿ ಲೋಟ ಹಿಡಿದು ನಾಲ್ವರಿಗೂ ಕೈಮುಗಿದರು. ಮಾಲೀಕರು ನನ್ನ ಇಷ್ಟದ ‘ಮಾರ್ಚ್’ ರೆಕಾರ್ಡಿನಿಂದ ಕಲ್ಲಿದ್ದಲು ಗಣಿಯವರ ಹಾಡು ಹಾಕಿದರು. ಅಪ್ಪನಿಗೆ ಇಂಗ್ಲಿಷ್ ಹಾಡು ಅರ್ಥವಾಗುವುದಿಲ್ಲ, ನಾನು ಮೇಲಿಂದ ಮೇಲೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಗಣಿ, ಕೂಲಿ, ಸಂಘ, ಹಸಿದ ಮಕ್ಕಳು. ಹಾಡಿದವರು ಇದೇ ಊರಿನ ಹುಡುಗರು, ಆಗ ನನ್ನದೇ ವಯಸ್ಸು ಎಂದೂ ಹೇಳಿದೆ. ಅಪ್ಪ ಕಾಫಿ ಆರುವವರೆಗೆ ಕೇಳಿದರು. ನಿಮ್ಮಜ್ಜನಿಗೆ ಇದು ಹಿಡಿಸುತ್ತಿತ್ತು ಎಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು:

‘ಪಾಪ, ಆ ಹುಡುಗರಿಗೆ ಆಮೇಲೆ ಕೆಲಸ ಸಿಕ್ತಾ?’

ಅವರಿಗೀಗ ಅರವತ್ತು ಹತ್ತಿರ ಬಂತಪ್ಪ, ಇಬ್ಬರೂ ಇನ್ನೂ ಹಾಡ್ತಾನೇ ಇದ್ದಾರೆ ಎಂದೆ. ‘ಒಟ್ಟಿಗಾ?’ ಎಂದರು. ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ್ದೇ ತಪ್ಪಾಯಿತು. ಗ್ಯಾರೇಜಿನಲ್ಲಿ ಮತ್ತೆ ಜಗಳ ಶುರುವಾಯಿತು.